ಹಗ್ಗ ಬಿಡಬೇಕಾಗಿತ್ತು

1961, ಜನವರಿ 9, ಸೋಮವಾರ

ಮಿಲ್ಲಿನ ಆರರ ಭೋಂಗಾ ಕೂಗಿತು. ಇವರು ಶಿಫ್ಟಿಗೆ ಹೋದರು. ರೊಟ್ಟಿ ಬಡಿದದ್ದು, ಬುತ್ತಿ ಕಟ್ಟಿದ್ದು, ಪಾತ್ರೆ, ಬಟ್ಟೆ... ಹನ್ನೊಂದು ಗಂಟೆ. ಗಾಳಿ ಈ ಕಡೆ ತಿರುಗಿದೆ. ಕಾಗದದ ಮಿಲ್ಲಿನಲ್ಲಿ ಬಿದಿರು ಬೇಯಿಸುವ ವಾಸನೆ ಒಣಹಾಕಿದ ಸೀರೆಗೂ ಹತ್ತಿದೆ.

ಅತ್ತೆಗೆ ನಿನ್ನೆಯಿಂದ ಮಾತಿಲ್ಲ. ಪಕ್ಕದ ಕ್ವಾರ್ಟರ್ಸಿನ ಸಕ್ಕುಬಾಯಿಯ ಮನೆಯಲ್ಲಿ ತೊಟ್ಟಿಲು. ಕುಂಕುಮ ಹಿಡಿದು ಕರೆಯಲು ಬಂದವರು ಬಾಗಿಲಲ್ಲಿ ನಿಂತು "ಮಹಾದೇವಕ್ಕಾರ, ಬರ್ರಿ" ಎಂದು ಅತ್ತೆಯನ್ನು ಮಾತ್ರ ಕರೆದರು. ನಾನು ಅಲ್ಲೇ ಅಕ್ಕಿ ಆರಿಸುತ್ತಿದ್ದೆ. ಮದುವೆಯಾಗಿ ಒಂಬತ್ತು ವರ್ಷ ಬಸಿರಾಗದವಳನ್ನು ತೊಟ್ಟಿಲಿಗೆ ಯಾರು ಕರೆಯುತ್ತಾರೆ?

ಸಂಜೆ ಇವರು ಚಹಾ ಕುಡಿಯುತ್ತ ಹೇಳಿದರು. "ಲುಂಡ್ ಸಾಹೇಬರ ಹೆಂಡತಿ ಕಾಲೊನಿ ಹೆಣ್ಮಕ್ಕಳನ್ನ ಆಯ್ತವಾರ ಹೊಳಿಗೆ ಕರದಾರ. ಪಿಕ್‌ನಿಕ್ ಅಂತ, ಬೋಟಿಂಗ್ ಅಂತ. ನೀ ಹೋಗು."

"ನನಗ ನೀರಂದ್ರ ಅಂಜಿಕಿ ಬರ್ತೈತ್ರಿ."

"ಕುಂತು ಎದ್ದು ಬರೋದರಾಗ ಅಂಜೂದೇನೈತಿ? ಸಾಹೇಬ ನನ್ನ ಮ್ಯಾಲಿನವ. ನಾಳೆ ಫೋರಮನ್ ಮಾಡೂ ಹೊತ್ತಿಗೆ ನೆನಪಿಡ್ತಾನ."

ಲುಂಡ್ ಸಾಹೇಬ ಡೆನ್ಮಾರ್ಕಿನವನು. ಹೊಸ ಮೆಷಿನ್ ಕೂಡಿಸಲು ಬಂದವನು. ಹೋಗಬೇಕಾಗಿದೆ.

ಜನವರಿ 15, ಭಾನುವಾರ

ಮಿಲ್ಲಿಗೆ ನೀರೆತ್ತಲು ಕಟ್ಟಿದ ಒಡ್ಡಿನ ಮೇಲ್ಗಡೆ ಕಾಳಿ ಹೊಳೆ ಕೆರೆಯಂತೆ ನಿಂತಿದೆ. ಆಚೆ ದಡ ಪೂರ್ತಿ ಕಾಡು. ದೋಣಿ ಚಿಕ್ಕದು, ಸಾಗವಾನಿಯದು. ನಡುವೆ ಕಂಬ, ಕಂಬಕ್ಕೆ ಬಿಳಿ ಹಾಯಿ. ಸಾಹೇಬ ನಕ್ಷೆ ಬರೆದುಕೊಟ್ಟನಂತೆ, ಕಟ್ಟಿದವನು ಕಾಯತಾನ. ಜೊಯಿಡಾ ಕಡೆಯ ಸಿದ್ದಿ, ಕಟ್ಟಿಗೆ ಡಿಪೋದ ಬಡಿಗ. ರಜಾದಿನ ದೋಣಿ ಕಾಯುವುದೂ ಅವನೇ.

ಹೆಂಗಸರೆಲ್ಲ ಜಮಖಾನೆ ಹಾಸಿ ಬುತ್ತಿ ಬಿಚ್ಚಿದರು. ದೋಣಿ ಹತ್ತಲು ಒಬ್ಬರೂ ಏಳಲಿಲ್ಲ. ಲುಂಡ್ ಸಾಹೇಬರ ಹೆಂಡತಿ, ನಾವೆಲ್ಲ ಬಾಯಿ ಅನ್ನುವವರು, ಎಲ್ಲರ ಮುಖ ನೋಡಿದರು. ಪಾಪ ಅನ್ನಿಸಿತು. ಇವರ ಮಾತೂ ನೆನಪಾಯಿತು. ಎದ್ದೆ.

ಕಾಲಿಟ್ಟ ಕೂಡಲೇ ದೋಣಿ ಓಲಾಡಿತು. ಕಿರುಚಿದೆ. ಕಾಯತಾನ ದಡದಿಂದ "ಬಸಾ ಬಾಯಿ, ಬಸಾ! ನಿಂತ್ರ ಡೋಣಿ ಪಲ್ಟಿ ಆಗ್ತೈತಿ!" ಎಂದ. ಕೂತೆ. ಬಾಯಿ ದೋಣಿ ನಡೆಸಿದರು. ಕಣ್ಣು ಮುಚ್ಚಿಕೊಂಡೇ ಅತ್ತ ಹೋಗಿ ಇತ್ತ ಬಂದೆ. ಮೊಸಳೆ ಬಂಡೆಯ ಮೇಲೆ ಬಿಸಿಲು ಕಾಯುತ್ತಿತ್ತಂತೆ. ನಾನು ನೋಡಲಿಲ್ಲ.

ಇಳಿಯುವಾಗ ಬಾಯಿ ಕೇಳಿದರು, "ನೀವು ಪುನಃ ಬರುವಿರೋ?"

ಮಂಗಳೂರಿನ ಪಾದ್ರಿಗಳ ಹಳೆಯ ಪುಸ್ತಕದಿಂದ ಕನ್ನಡ ಕಲಿತಿದ್ದಾರೆ. ಪುಸ್ತಕದ ಹಾಗೆಯೇ ಮಾತನಾಡುತ್ತಾರೆ. ಹೆಂಗಸರೆಲ್ಲ ಸೆರಗಿನಲ್ಲಿ ನಕ್ಕರು. ನನಗೆ ನಗು ಬರಲಿಲ್ಲ. ಹೂಂ ಅಂದುಬಿಟ್ಟೆ.

ಜನವರಿ 29, ಭಾನುವಾರ

ಇವತ್ತು ನಾವಿಬ್ಬರೇ. ಬಾಯಿಯ ಹೆಸರು ಇಲೋನಾ. ಡೆನ್ಮಾರ್ಕಿನವರಲ್ಲ, ಹಂಗೇರಿಯವರು. ಅಲ್ಲಿ ಸಮುದ್ರವೇ ಇಲ್ಲ. ಯುದ್ಧದಲ್ಲಿ ತಂದೆ, ಅಣ್ಣ ಹೋದರು. ಆಮೇಲೆ ಒಬ್ಬರೇ ಡೆನ್ಮಾರ್ಕ್ ಸೇರಿದರು. ಅದು ಎತ್ತ ನಡೆದರೂ ಸಮುದ್ರ ಸಿಗುವ ದೇಶ. ಭಾನುವಾರ ಬಂತೆಂದರೆ ಮಕ್ಕಳು ಮುದುಕರೆನ್ನದೆ ಎಲ್ಲರೂ ಹಾಯಿ ಬಿಚ್ಚಿಕೊಂಡು ನೀರಿಗಿಳಿಯುತ್ತಾರಂತೆ. ಇಲೋನಾಬಾಯಿ ಒಬ್ಬರೇ ದಡದಲ್ಲಿ.

"ಅವರ ಭಾಷೆ ನನಗೆ ಬಾರದು. ಅವರ ನೀರೂ ಬಾರದು. ನಾನು ಬಹಳ ಹೆದರಿದೆನು. ಎರಡು ವರ್ಷ ದಡದಲ್ಲಿ ಕುಳಿತೆನು. ಆಮೇಲೆ, ಸಾಕು ಎಂದೆನು."

ಅಷ್ಟೇ ಹೇಳಿದರು. ಆಮೇಲೆ ಹಾಯಿಯ ಹಗ್ಗ ನನ್ನ ಕೈಗೆ ಕೊಟ್ಟರು. ಗಾಳಿ ಕಮ್ಮಿಯಾದರೆ ಎಳೆಯಬೇಕು. ಜೋರಾದರೆ ಸಡಿಲಬೇಕು. ತೀರ ಜೋರಾದರೆ ಬಿಟ್ಟೇಬಿಡಬೇಕು. ಕೈಗೆ ಸುತ್ತಿಕೊಳ್ಳಲೇಬಾರದು.

ಹಗ್ಗದ ತುದಿಯಲ್ಲಿ ಗಾಳಿ ಇದೆ. ಎಳೆದರೆ ಎಳೆಯುತ್ತದೆ — ಎಮ್ಮೆಕರುವಿನ ಹಾಗೆ. ಅಂಗೈ ಕೆಂಪಾಗಿದೆ. ರೊಟ್ಟಿ ಬಡಿಯುವಾಗ ಉರಿಯಿತು.

ಫೆಬ್ರವರಿ 19, ಭಾನುವಾರ

ಬೆಳಿಗ್ಗೆ ಗಾಳಿ ಮೂಡಣದಿಂದ. ಮಧ್ಯಾಹ್ನ ನಿಲ್ಲುತ್ತದೆ. ಮೂರರ ಮೇಲೆ ಪಡುವಣದಿಂದ ಬೀಸುತ್ತದೆ. ಕಾಯತಾನ ಅದನ್ನು "ದರ್ಯಾದ ಗಾಳಿ" ಅನ್ನುತ್ತಾನೆ. ಕಾರವಾರದ ಸಮುದ್ರದಿಂದ ಅಣಶಿ ಘಟ್ಟ ಹತ್ತಿ ಬರುತ್ತದಂತೆ. ಇಷ್ಟು ವರ್ಷ ದಾಂಡೇಲಿಯಲ್ಲಿದ್ದೂ ಗಾಳಿಗೆ ದಿಕ್ಕು, ಹೊತ್ತು ಇದೆಯೆಂದು ಗೊತ್ತಿರಲಿಲ್ಲ.

ಇವತ್ತು ಚುಕ್ಕಾಣಿ, ಹಗ್ಗ ಎರಡೂ ನನ್ನ ಕೈಯಲ್ಲಿ. ಬಾಯಿ ಮುಂದೆ ಕೂತು ತಿರುಗಿಯೂ ನೋಡಲಿಲ್ಲ. ಸೀರೆ ಕಚ್ಚೆ ಹಾಕಿದ್ದೆ. ಆಚೆ ದಡದ ಹತ್ತಿರ ಹೋಗಿ ತಿರುಗಿಸಿದೆ. ಹಾಯಿ ಪಟಪಟ ಹೊಡೆದುಕೊಂಡು ಆಮೇಲೆ ತುಂಬಿತು. ಮಿಲ್ಲಿನ ಸದ್ದು ಕೇಳಲಿಲ್ಲ. ಯಾರ ಸದ್ದೂ ಇಲ್ಲ. ದೋಣಿಯ ಕೆಳಗೆ ನೀರು ಮಾತ್ರ.

ಬಹಳ ದಿನದ ಮೇಲೆ ನಕ್ಕೆ. ಯಾಕೆಂದು ಗೊತ್ತಿಲ್ಲ.

ಮನೆಗೆ ಬಂದಾಗ ಅತ್ತೆ: "ಬಿಸಿಲಾಗ ಸುಟ್ಟು ಕರ್ರಗ ಆಗೀಯಲ್ಲ. ಮದ್ಲ ಬಂಜಿ, ಈಗ ಬಣ್ಣಾನೂ ಹೋತು." ಇವರು ಪೇಪರ್ ಓದುತ್ತಿದ್ದರು.

ಮಾರ್ಚ್ 6, ಸೋಮವಾರ

ತವರು ಮಳಗಿಯಿಂದ ಅಪ್ಪ ಬಂದಿದ್ದಾನೆ. ಜೊತೆಗೆ ತಂಗಿ ಶಿವವ್ವ. ಅವ್ವ ಸತ್ತಾಗ ಐದು ವರ್ಷದವಳು, ಈಗ ಹದಿನೇಳು. ನಾವು ಕರೆಯುವುದು ಶಿವ್ವಿ ಎಂದೇ. ಒಂದು ಟ್ರಂಕು ತಂದಿದ್ದಾಳೆ. ನಾಲ್ಕು ದಿನ ಇದ್ದು ಹೋಗುವವಳಿಗೆ ಟ್ರಂಕು ಯಾಕೆ?

ಅಪ್ಪನಿಗೆ ಚಹಾ ಕೊಡುವಾಗ ಕೇಳಿದೆ. ತಲೆ ಎತ್ತಲಿಲ್ಲ. "ನಿನಗ ಕೈಯಾಗ ಕೈಯಾಗಿ ಇರಲಿ ಅಂತ ಬಿಟ್ಟು ಹೊಂಟೇನಿ" ಎಂದ.

ಅತ್ತೆ ಶಿವ್ವಿಯನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಂಡರು. ಜಡೆ ಬಿಚ್ಚಿ ಎಣ್ಣೆ ಹಚ್ಚಿದರು. ಒಂಬತ್ತು ವರ್ಷದಲ್ಲಿ ನನ್ನ ತಲೆ ಮುಟ್ಟಿದವರಲ್ಲ.

ಮಾರ್ಚ್ 12, ಭಾನುವಾರ

ಹೊಳೆಗೆ ಹೋಗಲಿಲ್ಲ. ಇವರೇ ಹೇಳಿದರು. ಬಾಗಿಲ ಕಡೆ ನೋಡುತ್ತ ಹೇಳಿದರು.

"ನಿನ್ನ ಬಿಡೂದಿಲ್ಲ. ನೀನ ಹಿರ್ಯಾಕಿ. ಹೊರಗಿನವಳನ್ನ ತಂದ್ರ ನಿನಗ ತ್ರಾಸ ಕೊಟ್ಟಾಳು ಅಂತ... ನಿನ್ನ ಸ್ವಂತ ತಂಗಿ. ನಿಮ್ಮಪ್ಪನೂ ಒಪ್ಯಾನ. ಅವ್ವಗ ಮೊಮ್ಮಗ ಬೇಕು."

"ಆಕಿ ಒಪ್ಯಾಳೇನ್ರಿ?"

"ಆಕಿ ಸಣ್ಣಾಕಿ. ಆಕಿನ್ನ ಏನು ಕೇಳೂದು?"

ಒಳಗೆ ಶಿವ್ವಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಜರಡಿಯ ಸದ್ದು ನಿಂತಿತು. ಮತ್ತೆ ಶುರುವಾಯಿತು.

ಏಪ್ರಿಲ್ 20, ಗುರುವಾರ

ಬರೆಯಲು ಮನಸ್ಸಿರಲಿಲ್ಲ. ಯುಗಾದಿ ಬಂತು, ಹೋಯಿತು. ಬಸವ ಜಯಂತಿಯೂ ಹೋಯಿತು. ಅಧಿಕ ಮಾಸ ಮುಗಿದ ಮೇಲೆ, ಜೂನ್‌ನಲ್ಲಿ, ಮಳಗಿಯಲ್ಲೇ, ಗದ್ದಲವಿಲ್ಲದೆ ಮದುವೆ ಮಾಡುವುದೆಂದು ಆಗಿದೆ. ಗದ್ದಲ ಯಾಕಿಲ್ಲ ಎಂದು ನನಗೆ ಗೊತ್ತು. ಹೆಂಡತಿ ಇರುವಾಗ ಇನ್ನೊಂದು ಮದುವೆ ಕೂಡದೆಂದು ಕಾಯ್ದೆ ಬಂದಿದೆ. ಹೆಂಡತಿ ದೂರು ಕೊಟ್ಟರೆ ಕೇಸು. ಕೇಸಾದರೆ ಮಿಲ್ಲಿನಲ್ಲಿ ಫೋರಮನ್ ಮಾತು ಹಾಗಿರಲಿ, ಇರುವ ಕೆಲಸವೂ ಉಳಿಯಲಿಕ್ಕಿಲ್ಲ. ಅದಕ್ಕೇ ಇಷ್ಟು ನಯ. ನಿನ್ನೆ ನನಗೊಂದು ಸೀರೆ ತಂದರು, ಇಳಕಲ್ಲಿನದು.

ನಾನು ಹೂಂ ಅಂದಿಲ್ಲ. ಉಹೂಂ ಅಂದೂ ಇಲ್ಲ.

ಏಪ್ರಿಲ್ 30, ಭಾನುವಾರ

ಶಿವ್ವಿಯನ್ನು ಹೊಳೆಗೆ ಕರೆದುಕೊಂಡು ಹೋದೆ. ಮನೆಯಲ್ಲಿ ಇಬ್ಬರೇ ಮಾತನಾಡುವ ಜಾಗವಿಲ್ಲ. ಇಲೋನಾಬಾಯಿ ಮುಖ ನೋಡಿಯೇ ತಿಳಿದುಕೊಂಡರು. "ನೀವಿಬ್ಬರು ಹೋಗಿರಿ. ನಾನು ಇಲ್ಲಿ ಕುಳಿತಿರುವೆನು" ಎಂದರು.

ಶಿವ್ವಿಗೆ ಅಂಜಿಕೆಯೇ ಇಲ್ಲ. ನೀರಿನಲ್ಲಿ ಕೈ ಬಿಟ್ಟುಕೊಂಡು ಕೂತಳು. ನಡುಹೊಳೆಗೆ ಬಂದಾಗ ಕೇಳಿದೆ.

"ನಿನಗ ಮನಸೈತೇನ?"

"ಇಲ್ಲಿ ಮಾತಾಡಿದ್ರ ದಂಡಿಮ್ಯಾಲಿನವರಿಗೆ ಕೇಳತೈತೇನಕ್ಕಾ?"

"ಇಲ್ಲ."

"ಮಾಮಾ ನನಗ ಚಿಕ್ಕಂದಿರ್ತ ಮಾಮಾನ. ಹೆಗಲ ಮ್ಯಾಲೆ ಕುಂಡರಿಸಿಕೊಂಡು ಜಾತ್ರಿಗೆ ಹೋಗ್ತಿದ್ದ." ನೀರಿನಿಂದ ಕೈ ಎತ್ತಿದಳು. ಆಮೇಲೆ ಅಂದಳು, "ಒಲ್ಲೆ ಅಂದ್ರ ಅಪ್ಪ ಆ ಹಾನಗಲ್‌ದಾವಗ ಕೊಡ್ತಾನಂತ. ಹೆಂಡ್ತಿ ಸತ್ತಾವಗ. ಇಲ್ಲೆ ಆದ್ರ ನೀನರ ಇರ್ತಿ."

"ನಿನಗ ಮನಸಿಲ್ಲ ಅಂದ್ರ ಇಲ್ಲ ಅನ್ನು. ಮುಂದಿಂದು ನಾ ನೋಡಿಕೊತೇನಿ."

"ನೀ ಏನು ಮಾಡ್ತಿ? ನಿನ್ನ ಮನಿ ಮುರಕೊತಿ." ಕೈ ಒರೆಸಿಕೊಂಡಳು.

ದಡಕ್ಕೆ ಬಂದ ಮೇಲೆ ಬಾಯಿಯ ಮುಂದೆ ಎಲ್ಲ ಹೇಳಿದೆ. ಅವರ ಮುಖ ಕೆಂಪಾಯಿತು. ಲುಂಡ್ ಸಾಹೇಬರಿಂದ ಮ್ಯಾನೇಜರಿಗೆ ಹೇಳಿಸುವೆನು ಎಂದರು. ಈಗ ಬೇಡ, ಮೊದಲು ನಾನೇ ಇವರಿಗೆ ಹೇಳುತ್ತೇನೆ ಎಂದೆ.

ಮೇ 3, ಬುಧವಾರ

ಹೇಳಿದೆ. ಊಟಕ್ಕೆ ಬಡಿಸಿ, ಎದುರಿಗೆ ನಿಂತು ಹೇಳಿದೆ.

"ನೀವು ಮದಿವಿ ಮಾಡಿಕೊಂಡ್ರ ನಾ ಮ್ಯಾನೇಜರ ಸಾಹೇಬರ ಕಡೆ ಹೋಗತೇನ್ರಿ. ಕೋರ್ಟಿಗೂ ಹೋಗತೇನಿ."

ತುತ್ತು ಕೈಯಲ್ಲೇ ಉಳಿಯಿತು. ಅತ್ತೆ ಒಳಗಿನಿಂದ ಓಡಿಬಂದರು. "ಉಂಡ ಮನಿಗೆ ಬೆಂಕಿ ಹಚ್ಚಾಕಿ! ನಿನ್ನ ಹೊಟ್ಟಿ ಒಣಗೇತಿ ಅಂತ ಎಲ್ಲಾರ ಹೊಟ್ಟೀನೂ ಒಣಗಬೇಕೇನ?" ಓಣಿಗೆಲ್ಲ ಕೇಳುವಂತೆ ಕೂಗಿದರು. ಇವರು ಕೈ ತೊಳೆದು ಹೊರಗೆ ಹೋದರು.

ಶಿವ್ವಿ ಒಲೆಯ ಮುಂದೆ ಮೊಣಕಾಲಲ್ಲಿ ಮುಖ ಇಟ್ಟು ಕೂತಿದ್ದಳು. "ಅಳಬ್ಯಾಡ, ಆತು, ಇನ್ನ ಆಗೂದಿಲ್ಲ" ಎಂದೆ. ಅವಳು ಅಳುತ್ತಿರಲಿಲ್ಲ.

ಮೇ 8, ಸೋಮವಾರ

ನಿನ್ನೆಯದು ಬರೆಯಬೇಕು. ಹೆಬ್ಬೆರಳ ಸಂದಿಯಲ್ಲಿ ಚರ್ಮ ಕಿತ್ತಿದೆ.

ಹೋಗುವುದು ಬೇಡವಾಗಿತ್ತು. ಶಿವ್ವಿಯೇ "ಹೋಗೂಣು ಬಾ ಅಕ್ಕಾ, ಮನ್ಯಾಗ ಕುಂಡ್ರಾಕ ಆಗವಲ್ದು" ಎಂದಳು. ಸೆಖೆ. ಪಡುವಣ ದಿಕ್ಕಿಗೆ ಮೋಡ ಕಟ್ಟಿತ್ತು. ಕಾಯತಾನ "ಲಗೂನ ಬರ್ರಿ ಬಾಯಿ, ಗುಡುಗು ಐತಿ" ಎಂದ. ಅರ್ಧ ಹೊಳೆಗೆ ಹೋಗಿ ತಿರುಗುವುದೆಂದು ಹೋದೆ. ಇಲೋನಾಬಾಯಿ ದಡದಲ್ಲಿದ್ದರು.

ತಿರುಗಿಸುವ ಹೊತ್ತಿಗೆ ಗಾಳಿ ಬಂತು. ಕಾಡಿನಿಂದ ಒಮ್ಮೆಲೇ ಬಂತು, ಧೂಳು, ಎಲೆ ಎಲ್ಲ ಎತ್ತಿಕೊಂಡು. ಹಾಯಿ ಕಡೆಗೇ ನೋಡುತ್ತಿದ್ದೆ. ಹಗ್ಗ ಕೈ ಎಳೆಯಿತು. ಬಿಡಬೇಕು. ಗೊತ್ತು. ಕಲಿಸಿದ್ದಾರೆ. ಕೈಗೆ ಒಂದು ಸುತ್ತು ಸುತ್ತಿಕೊಂಡಿದ್ದೆ. ಯಾವಾಗ ಸುತ್ತಿಕೊಂಡೆನೋ ಗೊತ್ತಿಲ್ಲ. ಬಿಡಲಿಲ್ಲ. ಬಿಡಲಾಗಲಿಲ್ಲವೋ... ದೋಣಿ ಮಗುಚಿತು.

ನೀರು. ಬಾಯಿ ಮೂಗಿನ ತುಂಬ ನೀರು. ಮೇಲೆ ಬಂದಾಗ ದೋಣಿಯ ತಳ ಕೈಗೆ ಸಿಕ್ಕಿತು. ಶಿವ್ವಿ ಕಾಣಲಿಲ್ಲ. ಕೂಗಿದೆ. ಹಾಯಿಯ ಅಡಿಯಲ್ಲಿ ಏನೋ ಕಪ್ಪಗೆ ಅಲ್ಲಾಡಿತು. ಕೈ ಹಾಕಿದೆ. ಜಡೆ. ಜಡೆ ಹಿಡಿದು ಎಳೆದೆ. ಅವಳು ನನ್ನನ್ನು ಹಿಡಿದುಕೊಳ್ಳಲಿಲ್ಲ. ಕೈ ಎರಡೂ ಸುಮ್ಮನೆ ತೇಲುತ್ತಿದ್ದವು.

ಕಾಯತಾನ ಮೀನುಗಾರರ ಪಾತಿದೋಣಿಯೊಂದರಲ್ಲಿ ಬಂದ. ದಡದ ಮೇಲೆ ಅವಳನ್ನು ಬೋರಲು ಹಾಕಿ ಬೆನ್ನು ಒತ್ತಿದ. ನೀರು ಕಾರಿದಳು. ಉಸಿರು ಬಂತು. ಇಲೋನಾಬಾಯಿ ಅಳುತ್ತ ತಮ್ಮ ಭಾಷೆಯಲ್ಲಿ ಏನೋ ಹೇಳುತ್ತಿದ್ದರು. ಆಮೇಲೆ ಮಳೆ.

ಈಗ ಜ್ವರ. ಅತ್ತೆ ನನ್ನನ್ನು ಅವಳ ಹತ್ತಿರ ಬಿಡುತ್ತಿಲ್ಲ.

ಮೇ 10, ಬುಧವಾರ

ಕಾಲೊನಿಯ ಮಾತು: "ಸವತಿ ಆಗಾಕಿನ್ನ ಹೊಳಿಗೆ ಒಯ್ದು ಮುಳುಗಿಸಿದ್ಳು." ಸಕ್ಕುಬಾಯಿ ನಳದ ಹತ್ತಿರ ನನ್ನನ್ನು ಕಂಡು ಮೊಮ್ಮಗನಿಗೆ ಸೆರಗು ಮುಚ್ಚಿದಳು.

ಇಲೋನಾಬಾಯಿ ಮನೆಗೇ ಬಂದರು. ಅಂಗಳದಲ್ಲಿ ನಿಂತು "ಗಾಳಿಯು ಮಾಡಿತು. ಇವಳು ಮಾಡಲಿಲ್ಲ. ನಾನು ನೋಡಿದೆನು" ಎಂದರು. ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಪ್ಪ ಬಂದಿದ್ದಾನೆ. ಎಲ್ಲರ ಎದುರಿಗೆ ಶಿವ್ವಿಯನ್ನು ಕೇಳಿದ. "ನಿಮ್ಮಕ್ಕ ಬೇಕಂತ ಮಾಡಿದ್ಳೇನ? ಖರೇ ಹೇಳು." ಶಿವ್ವಿ ಕಂಬಳಿ ಹೊದ್ದು ಗೋಡೆಗೆ ಮುಖ ಮಾಡಿದಳು. ಹೂಂ ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ.

ಅವಳಿಗೂ ಹಾಗೇ ಅನ್ನಿಸಿತೇನು?

ಹಗ್ಗ ಬಿಡಬೇಕಾಗಿತ್ತು. ಯಾಕೆ ಬಿಡಲಿಲ್ಲ? ನನ್ನ ಕೈಯನ್ನು ನಾನೇ ಕೇಳುತ್ತೇನೆ. ಅಂಜಿಕೆಯೆ? ಅಂಜಿಕೆಯೇ ಇರಬೇಕು. ಬೇರೇನಾದರೂ ಒಳಗಿದ್ದರೆ... ಅವಳ ಜಡೆಗೆ ಅತ್ತೆ ಎಣ್ಣೆ ಹಚ್ಚಿದ ದಿನ ನನ್ನೊಳಗೆ ಏನೋ ಉರಿದಿತ್ತು. ಅದು ಸುಳ್ಳಲ್ಲ.

ಮೇ 12, ಶುಕ್ರವಾರ

ಅಪ್ಪ ಶಿವ್ವಿಯನ್ನು ಕರೆದುಕೊಂಡು ಹಳಿಯಾಳ ಬಸ್ಸು ಹತ್ತಿದ. ನನ್ನ ಕಡೆ ನೋಡಲಿಲ್ಲ.

ಇವರು ಮೆಲ್ಲಗೆ ಹೇಳಿದರು. ಸಿಟ್ಟಿಲ್ಲ, ಕೂಗಾಟವಿಲ್ಲ. "ನೀ ಮ್ಯಾನೇಜರ ಕಡೆ ಹೋದಿ ಅಂದ್ರ ನಾ ಪೊಲೀಸರ ಕಡೆ ಹೋಗತೇನಿ. ಹುಡಿಗಿ ಬಾಯಿಬಿಟ್ಟು ಇಲ್ಲ ಅಂದಿಲ್ಲ. ನೋಡಿದವರು ಯಾರು? ಒಬ್ಬಾಕಿ ಪರದೇಶದಾಕಿ, ಒಬ್ಬ ಸಿದ್ದಿ. ನೀನೂ ಸುಮ್ನಿರು, ನಾನೂ ಸುಮ್ನಿರ್ತೇನಿ."

ಹೂಂ ಅಂದೆ. ನನ್ನ ಕೈಯ ಮೇಲೆ ನನಗೇ ನಂಬಿಕೆ ಇಲ್ಲದಾಗ ಇನ್ನೇನು ಅನ್ನಲಿ?

ಮೇ 28, ಭಾನುವಾರ

ಲುಂಡ್ ಸಾಹೇಬರ ಕೆಲಸ ಮುಗಿಯಿತು. ನಾಳೆ ಹೊರಡುತ್ತಾರೆ. ಬಂಗಲೆಗೆ ಹೋಗಿ ಬಂದೆ. ಖಾಲಿ ಕೋಣೆ, ಹುಲ್ಲು ತುಂಬಿದ ಪೆಟ್ಟಿಗೆಗಳು. ದೋಣಿ ಕಾಯತಾನನಿಗೆ ಕೊಟ್ಟಿದ್ದಾರೆ. ಹಾಯಿ ಬಿಚ್ಚಿಟ್ಟಿದ್ದಾನಂತೆ. ಇನ್ನು ಹುಲ್ಲು ಸಾಗಿಸುವ ದೋಣಿ.

ಇಲೋನಾಬಾಯಿ ನನ್ನ ಕೈ ಬಿಡಿಸಿ ಗಾಯ ನೋಡಿದರು. ಕೇಳಿಯೇಬಿಟ್ಟೆ. "ನಾ ಹಗ್ಗ ಯಾಕ ಬಿಡಲಿಲ್ರಿ?"

ಕೈ ಬಿಡದೆಯೇ ಹೇಳಿದರು. "ನಾನೂ ಬಿಡಲಿಲ್ಲ. ಮೊದಲನೆಯ ಬಿರುಗಾಳಿಯಲ್ಲಿ ಯಾರೂ ಬಿಡುವುದಿಲ್ಲ. ಮುಳುಗುವವನು ಸಿಕ್ಕಿದ್ದನ್ನು ಹಿಡಿಯುವನು."

ಒಳ್ಳೆಯ ಮಾತು. ನಂಬಬೇಕೆಂದು ಆಸೆ. ಪೂರ್ತಿ ನಂಬಲಾಗಲಿಲ್ಲ. ಕಾಗದ ಬರೆಯಿರಿ ಎಂದರು. ಏನೆಂದು ಬರೆಯಲಿ? ಇಬ್ಬರೂ ಅಳಲಿಲ್ಲ.

ಜೂನ್ 17, ಶನಿವಾರ, ಮಳಗಿ

ಹಿರಿಯ ಮಗಳಾಗಿ ಮದುವೆ ಕೆಲಸಕ್ಕೆ ಬಂದಿದ್ದೇನೆ. ನನ್ನ ಗಂಡನ ಮದುವೆಗೆ. ಬರೆದು ನೋಡಿದರೆ ನಗು ಬರುತ್ತದೆ. ನಾನು ಬರದಿದ್ದರೆ ಊರವರು ನಾಲ್ಕು ಮಾತಾಡುತ್ತಾರೆ, ನಾನೇ ಅರಿಸಿನ ಹಚ್ಚಿದರೆ ಬಾಯಿ ಮುಚ್ಚುತ್ತಾರೆ — ಇದು ಅತ್ತೆಯ ಲೆಕ್ಕ. ದಾಂಡೇಲಿಯವರು ಸೋಮವಾರ ಬೆಳಿಗ್ಗೆ ಬರುತ್ತಾರೆ. ಮಳೆ ಹಿಡಿದಿದೆ. ಅಂಗಳದ ಚಪ್ಪರ ಸೋರುತ್ತದೆ.

ಶಿವ್ವಿ ತೆಳ್ಳಗಾಗಿದ್ದಾಳೆ. ನನ್ನ ಎದುರು ಬರುವುದಿಲ್ಲ. ಬಂದರೂ ಕಾಲು ನೋಡುತ್ತಾಳೆ.

ಜೂನ್ 18, ಭಾನುವಾರ, ಮಧ್ಯಾಹ್ನ

ಅರಿಸಿನ ಹಚ್ಚಲು ನನ್ನನ್ನೇ ಕೂಡಿಸಿದರು. ಉಳಿದ ಹೆಂಗಸರು ಹಿಟ್ಟಿನ ಕೆಲಸಕ್ಕೆ ಹೋದರು. ಹಿತ್ತಿಲಲ್ಲಿ ನಾವಿಬ್ಬರೇ. ತೋಳಿಗೆ ಹಚ್ಚಿದೆ. ಕುತ್ತಿಗೆಗೆ ಹಚ್ಚುವಾಗ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಅಕ್ಕಾ, ಅವತ್ತು ನಾನ ಎದ್ದು ನಿಂತಿದ್ದೆ."

ತಿಳಿಯಲಿಲ್ಲ.

"ದೋಣ್ಯಾಗ. ಗಾಳಿ ಬಂದಾಗ. ನೀ ಮ್ಯಾಲೆ ನೋಡಾಕತ್ತಿದ್ದಿ. ನಾ ಎದ್ದು ನಿಂತೆ. ನಿಂತ್ರ ಡೋಣಿ ಪಲ್ಟಿ ಆಗ್ತೈತಿ ಅಂತ ಆ ಕಾಯತಾನ ಹತ್ತು ಸಲ ಹೇಳಿದ್ದ."

"ಯಾಕ?"

"ನನ್ನ ಸಂಬಂಧ ನಿನ್ನ ಮನ್ಯಾಗ ದಿನಾ ಜಗಳ. ಒಲ್ಲೆ ಅಂದ್ರ ಹಾನಗಲ್. ಹೂಂ ಅಂದ್ರ ನಿನ್ನ ಗಂಡ. ನಾ ಇಲ್ಲದಿದ್ರ ಎಲ್ಲಾ ನೆಟ್ಟಗಾಗತೈತಿ ಅನಿಸ್ತು. ನೀನೂ ನೀರಿಗೆ ಬೀಳ್ತಿ ಅಂತ ನೆನಪ ಆಗಲಿಲ್ಲಕ್ಕಾ. ಶಿವನಾಣಿ, ನೆನಪ ಆಗಲಿಲ್ಲ."

"ಅಪ್ಪ ಕೇಳಿದಾಗ ಯಾಕ ಹೇಳಲಿಲ್ಲ?"

"ಏನಂತ ಹೇಳಲಿ? ಸಾಯಾಕ ಹೋಗಿದ್ದೆ ಅಂತ ಹೇಳಿದ್ರ ಊರಾಗ ಏನಂತಾರ? ಹೊಟ್ಟೀಲೆ ಇದ್ಳು ಅಂತಾರ. ನಾ ಹೇಡಿ ಅಕ್ಕಾ. ನಿನ್ನ ಮ್ಯಾಲೆ ಬಂತು, ನಾ ಸುಮ್ನಿದ್ದೆ."

ಅರಿಸಿನದ ಕೈಯಲ್ಲೇ ಅವಳ ಮುಖ ಹಿಡಿದುಕೊಂಡೆ. ಹೊಡೆಯಬೇಕೆನಿಸಿತು. ಹೊಡೆಯಲಿಲ್ಲ. "ನಾಳೆ ಆದ ಮ್ಯಾಲೆ ಏನು ಮಾಡಾಕಿ ಇದ್ದಿ? ಖರೇ ಹೇಳು."

ಹಿತ್ತಿಲ ಬಾವಿಯ ಕಡೆ ಒಮ್ಮೆ ನೋಡಿ ಕಣ್ಣು ತೆಗೆದಳು. ಅಷ್ಟೇ ಸಾಕಾಯಿತು ನನಗೆ.

ಜೂನ್ 20, ಮಂಗಳವಾರ

ನಿನ್ನೆ ನಡೆದದ್ದು.

ದಾಂಡೇಲಿಯವರು ಎತ್ತಿನ ಗಾಡಿಯಿಂದ ಇಳಿದರು. ಇವರು, ಅತ್ತೆ, ಇವರ ಸೋದರಮಾವ ಶಿವಲಿಂಗಪ್ಪ, ಇನ್ನು ಕೆಲವರು. ಕಾಲು ತೊಳೆಯಲು ನೀರು ಕೊಡಬೇಕಾದವಳು ನಾನು. ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತೆ. ದಾರಿ ಬಿಡಲಿಲ್ಲ.

"ಈ ಮದಿವಿ ಆಗೂದಿಲ್ರಿ. ತಿರುಗಿ ಹೋಗ್ರಿ."

ಇವರು ಹತ್ತಿರ ಬಂದು ಹಲ್ಲು ಕಚ್ಚಿ, "ಗಂಗವ್ವಾ, ನೆನಪೈತಿಲ್ಲ? ಪೊಲೀಸ್" ಎಂದರು.

ಎಲ್ಲರಿಗೂ ಕೇಳುವಂತೆ ಹೇಳಿದೆ. "ನೆನಪೈತ್ರಿ. ಹೌದು, ನಾನ ಮುಳುಗಿಸಿದೆ. ಬೇಕಂತನ ಮುಳುಗಿಸಿದೆ. ಪೊಲೀಸರಿಗೆ ಹೇಳ್ರಿ, ಜೇಲಿಗೆ ಹಾಕಸ್ರಿ. ಆದ್ರ ಈ ಹೊಸ್ತಿಲ ದಾಟಿದ್ರ ನಾನೂ ಬಿಡೂದಿಲ್ಲ. ಹಳಿಯಾಳ ಕೋರ್ಟಿನ್ಯಾಗ ನಿಂತು ಹೇಳತೇನಿ, ನನ್ನ ಗಂಡ ನಾ ಇರತ ನನ್ನ ತಂಗೀನ್ನ ಮಾಡಿಕೊಂಡ ಅಂತ. ಇಬ್ಬರೂ ಹೋಗೂಣು."

ಅತ್ತೆ ಎದೆ ಬಡಿದುಕೊಂಡರು. "ಕೇಳ್ರೋ! ತಾನ ಒಪ್ಪಿಕೊಂಡ್ಳು! ಒಡಹುಟ್ಟಿದಾಕಿನ್ನ ಕೊಲ್ಲಾಕ ಹೋಗಿದ್ಳಂತ!" ಶಿವಲಿಂಗಪ್ಪ ಮಾವ ಇವರ ರಟ್ಟೆ ಹಿಡಿದು ಹಿಂದೆ ಎಳೆದ. "ನಡಿಯೋ ಚನಬಸಪ್ಪ. ಇಂಥಾ ಮನ್ಯಾಗ ಹೆಣ್ಣ ತಗೊಂಡು ಏನು ಮಾಡ್ತಿ? ನೌಕರಿ ಕಳಕೊತಿ." ಮದುವೆ ಮಾಡಿಸಲು ಬಂದಿದ್ದ ಅಯ್ಯನವರು ಆಗಲೇ ಚೀಲ ಹೆಗಲಿಗೇರಿಸಿದ್ದರು.

ಒಳಗಿನಿಂದ ಶಿವ್ವಿ ಓಡಿಬಂದಳು. "ಅಕ್ಕಾ, ನಾ..." ಎಂದು ಬಾಯಿ ತೆರೆದಳು. ತಂಬಿಗೆ ಬಿಟ್ಟು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ಎಲ್ಲರೂ ನೋಡಿದರು. ಅವರಿಗೆ ಏನು ಕಂಡಿತೋ.

ಇವರು ಗಾಡಿ ಹತ್ತುವಾಗ ತಿರುಗಿ ಒಂದೇ ಮಾತು ಹೇಳಿದರು. "ಇನ್ನ ದಾಂಡೇಲಿ ಕಡೆ ಕಾಲಿಡಬ್ಯಾಡ." ಒಂಬತ್ತು ವರ್ಷ. ಮಳೆಯಲ್ಲಿ ಗಾಡಿ ಕಾಣುವವರೆಗೂ ನಿಂತಿದ್ದೆ. ಎದೆಯಲ್ಲಿ ಏನೂ ಇರಲಿಲ್ಲ.

ಅಪ್ಪ ಚಪ್ಪರದ ಕಂಬಕ್ಕೆ ಒರಗಿ ಕೂತಿದ್ದ. ಹತ್ತಿರ ಹೋದೆ. "ನನ್ನ ಹೆಸರ ತಗೊಂಡು ಮಾತಾಡಬ್ಯಾಡ" ಎಂದ. ಆಮೇಲೆ, "ಅಡಗಿ ಮನಿ ಕಡೆ ಬರಬ್ಯಾಡ. ಕೊಟ್ಟಿಗಿ ಬಾಜೂಕ ಇರು."

ಜೂನ್ 26, ಸೋಮವಾರ

ಕೊಟ್ಟಿಗೆ ಪಕ್ಕದ ಕೋಣೆ. ಸೌದೆ, ಹಳೆಯ ಗುದ್ದಲಿ, ನಾನು. ಊಟ ಹೊಸ್ತಿಲ ಮೇಲೆ ಇಟ್ಟು ಹೋಗುತ್ತಾರೆ. ಪೊಲೀಸರು ಬರಲಿಲ್ಲ. ಇವರಿಗೂ ಕೋರ್ಟಿನ ಅಂಜಿಕೆ ಇರಬೇಕು. ನನ್ನ ಸಾಮಾನು ಗಾಡಿಯವನ ಕೈಯಲ್ಲಿ ಕಳಿಸಿದ್ದಾರೆ. ಇಳಕಲ್ ಸೀರೆ ಇಟ್ಟುಕೊಂಡಿದ್ದಾರೆ.

ಹಾನಗಲ್ಲಿನವರು ಹಿಂದೆ ಸರಿದರಂತೆ. ಇಂಥ ಅಕ್ಕ ಇರುವ ಮನೆಯ ಹೆಣ್ಣು ಬೇಡವಂತೆ. ಸುದ್ದಿ ತಂದವಳು ಎದುರುಮನೆಯ ಈರಕ್ಕ. ಬಯ್ಯಲು ಬಂದವಳು. ನಾನು ಒಳಗೇ ಕೂತು ಶಿವನಿಗೆ ಕೈಮುಗಿದೆ.

ಆದರೆ ಊರಿನ ಮಕ್ಕಳು ಕೋಣೆಯ ಮುಂದೆ ಓಡುವಾಗ ಮುಖ ತಿರುಗಿಸಿಕೊಂಡು ಓಡುತ್ತಾರೆ. ಇದು ಅಭ್ಯಾಸವಾಗುತ್ತದೆಯೋ ಇಲ್ಲವೋ.

ಮಧ್ಯಾಹ್ನ ಶಿವ್ವಿ ಬಂದಳು. ಬಾಗಿಲ ಹೊರಗೇ ಕೂತಳು. "ನಾ ಎಲ್ಲಾರಿಗೂ ಹೇಳಲೇನಕ್ಕಾ?"

"ಬ್ಯಾಡ."

"ಹೇಳದಿದ್ರ ನನಗ ಉಣ್ಣಾಕ ಆಗವಲ್ದು."

"ಹೇಳಿದ್ರ ನಿನ್ನ ಗತಿ ಏನು? ನನಗ ಇನ್ನೇನು ಹೋಗೂದೈತಿ? ನೀ ಉಣ್ಣು."

ಹೊರಡುವಾಗ ಮೆಲ್ಲಗೆ ಅಂದಳು. "ನೀ ಹಗ್ಗ ಬಿಟ್ಟಿದ್ರೂ ದೋಣಿ ಬೀಳತಿತ್ತು. ನಾ ಪೂರ್ತಿ ನಿಂತುಬಿಟ್ಟಿದ್ದೆ."

ಹೌದಿರಬಹುದು. ಅವಳು ನಿಂತದ್ದೂ ಖರೆ. ನಾನು ಬಿಡದಿದ್ದದ್ದೂ ಖರೆ.

ಜುಲೈ 5, ಬುಧವಾರ

ಮುಂಡಗೋಡಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವ ಕೆಲಸಕ್ಕೆ ಅರ್ಜಿ ಹಾಕಬೇಕು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೇನೆ. ಕೊಡುತ್ತಾರೋ ಇಲ್ಲವೋ. ಮುಳುಗಿಸಿದವಳ ಕೈಗೆ ಮಕ್ಕಳನ್ನು ಯಾರು ಕೊಡುತ್ತಾರೆ. ಮಳೆ ಬಿಟ್ಟಿಲ್ಲ. ಕಾಳಿ ಹೊಳೆ ಈಗ ಕೆಂಪಗೆ, ಒಡ್ಡಿನ ಮೇಲೆ ಹರಿಯುತ್ತಿರಬೇಕು...

ಹೊರಗೆ ಗದ್ದಲ. ಈರಕ್ಕನ ದನಿ. ಊರ ಬಾವಿಯ ಹತ್ತಿರ ಏನೋ ಆಗಿದೆ. ಓಡಿ ಬಾಗಿಲಿಗೆ ಬಂದು ನೋಡಿದೆ. ಇಲ್ಲ, ಶಿವ್ವಿ ಬರುತ್ತಿದ್ದಾಳೆ. ಕೊಡವಿಲ್ಲ. ಸೀರೆಯೆಲ್ಲ ನೀರು. ಹಿಂದೆ ಹೆಂಗಸರು. ಈರಕ್ಕ ಅಪ್ಪನಿಗೆ ಹೇಳುತ್ತಿದ್ದಾಳೆ, ಇಲ್ಲಿಗೇ ಕೇಳುತ್ತದೆ:

"ಈಶಪ್ಪಣ್ಣಾ, ನಿನ್ನ ಸಣ್ಣ ಮಗಳು ಕೊಡ ಒಗೆದು ಎಲ್ಲಾರ ಮುಂದ ಏನಂದ್ಳು ಕೇಳು! ಅಕ್ಕ ಅಲ್ಲಂತ, ತಾನ ಎದ್ದು ನಿಂತಿದ್ಳಂತ, ತಾನ ಸಾಯಾಕ ಹೋಗಿದ್ಳಂತ!"

ಹೇಳಿಬಿಟ್ಟಳು. ಹುಚ್ಚಿ. ಎಲ್ಲರ ಮುಂದೆ ಹೇಳಿಬಿಟ್ಟಳು. ಇನ್ನು ಅವಳ...

ಗದ್ದಲ ನಿಂತಿದೆ. ಶಿವ್ವಿ ಅಂಗಳದ ನಡುವೆ ನಿಂತಿದ್ದಾಳೆ, ತಲೆ ಎತ್ತಿಕೊಂಡು. ಅಪ್ಪ ಎದ್ದ. ಅವಳ ಹತ್ತಿರ ಹೋದ. ಹೊಡೆಯಲಿಲ್ಲ. ಹೆಗಲ ಮೇಲಿನ ಟವಲು ತೆಗೆದು ಅವಳ ತಲೆಯ ಮೇಲೆ ಹಾಕಿದ. ಈಗ ಈ ಕಡೆ ತಿರುಗಿದ್ದಾನೆ. ಕೊಟ್ಟಿಗೆಯ ಕಡೆಗೇ ಬರುತ್ತಿದ್ದಾನೆ. ಮಳೆಯಲ್ಲಿ ನೆನೆಯುತ್ತ, ನಡುವೆ ನಿಂತು, ಮತ್ತೆ ನಡೆದು...

"ಗಂಗವ್ವಾ" ಅಂದ.

ಹೋಗಿ ಬಂದು ಬರೆಯುತ್ತೇನೆ.